ಗೋವಾದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಗೋಲ್‌ಕೀಪಿಂಗ್ ಕೋಚ್ ಅಥವಾ ಯುವ ವಿಭಾಗದ ಕೋಚ್ ಆಗಲು ಸಿದ್ಧತೆ

ಗೋವಾದ ವೃತ್ತಿಪರ ಕ್ಲಬ್ಬೊಂದು ಗೋಲ್‌ಕೀಪಿಂಗ್ ಕೋಚ್ ಮತ್ತು ಯುವ ಆಟಗಾರರ ಕೋಚ್ ಹುದ್ದೆಗಳಿಗೆ ಅರ್ಜಿ ಕರೆದಾಗ, ವಾಸ್ಕೊ, ಝುವಾರಿನಗರ, ಮಡಗಾಂವ್‌ಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಆಟಗಾರರಲ್ಲಿ ಹಲವರು, ಸ್ಥಳೀಯ ಲೀಗುಗಳಲ್ಲಿ ಹತ್ತು ವರ್ಷ ಆಡಿದ್ದರೂ, ‘ನಮಗೆ ಯಾರು ಕೊಡುತ್ತಾರೆ’ ಎಂದು ಹಿಂದೆ ಸರಿಯುತ್ತಾರೆ. ಅರ್ಜಿ ಹಾಕಿದವರು ತಾವು ಗೆದ್ದ ಪದಕಗಳ ಪಟ್ಟಿಯನ್ನು ಲಗತ್ತಿಸಿ ಕರೆಗಾಗಿ ಕಾಯುತ್ತಾರೆ. ಇಂಥ ಆಯ್ಕೆಗಳಲ್ಲಿ ಕೆಲವು ವರ್ಷ ಸಮಿತಿಯ ಬದಿಯಲ್ಲಿ ಕುಳಿತು ನೋಡಿದ ಅನುಭವದಿಂದ ಹೇಳುವುದಾದರೆ, ಗೋಲು ಬಿಟ್ಟ ಹುಡುಗನಿಗೆ ಮರುಕ್ಷಣದಲ್ಲಿ ನೀವು ಏನು ಹೇಳುತ್ತೀರಿ ಎಂಬುದರ ಮೇಲೆ ಈ ಹುದ್ದೆಗಳು ನಿಂತಿವೆ. ಸಿದ್ಧತೆಯೂ ಅಲ್ಲಿಂದಲೇ ಆರಂಭವಾಗಬೇಕು.

ಕಾಗದಪತ್ರಗಳನ್ನು ಮೊದಲೇ ಮುಗಿಸಿಕೊಳ್ಳಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಕೋಚಿಂಗ್ ಲೈಸೆನ್ಸಿನಿಂದ ಹೊರಟು ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸಿ, ಬಿ, ಎ, ಪ್ರೊ ಎಂದು ಏರುವ ಮೆಟ್ಟಿಲುಗಳಿವೆ. ಗೋಲ್‌ಕೀಪಿಂಗ್ ಕೋಚ್‌ಗಳಿಗೆ ಪ್ರತ್ಯೇಕ ಕೋರ್ಸುಗಳಿವೆ. ಕೋರ್ಸಿನ ಸ್ಥಾನಗಳು ಸೀಮಿತವಾದ್ದರಿಂದ ಹುದ್ದೆಯ ಪ್ರಕಟಣೆ ಬಂದ ಮೇಲೆ ಓಡಾಡಿದರೆ ಕಾಲ ಮೀರಿರುತ್ತದೆ. ಜೊತೆಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಮತ್ತು ಪೊಲೀಸರಿಂದ ಪಡೆದ ನಡತೆಯ ಪ್ರಮಾಣಪತ್ರವನ್ನು ಇಟ್ಟುಕೊಳ್ಳಿ. ಮಕ್ಕಳ ಜೊತೆ ಕೆಲಸ ಮಾಡುವವರು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಓದಿ ತಿಳಿದಿರಲೇಬೇಕು. ಸಂದರ್ಶನದಲ್ಲಿ ಯಾರೂ ಕೇಳದಿದ್ದರೂ ಇದರಲ್ಲಿ ರಿಯಾಯಿತಿ ಇರಬಾರದು.

ಇನ್ನು, ಅಭ್ಯರ್ಥಿ ಆಟಗಾರರಿಗೆ ಅಭ್ಯಾಸ ನಡೆಸಿ ತೋರಿಸಬೇಕಾದ ಮೈದಾನದ ಪರೀಕ್ಷೆ. ಬಹುತೇಕ ಅಭ್ಯರ್ಥಿಗಳು ಸೋಲುವುದು ಇಲ್ಲಿಯೇ. ಗೋಲ್‌ಕೀಪಿಂಗ್ ಹುದ್ದೆಗೆ ಬಂದವರು ಮೂವರು ಕೀಪರ್‌ಗಳನ್ನು ಮೈದಾನದ ಮೂಲೆಗೆ ಕರೆದೊಯ್ದು, ಎಂಟು ಹೆಜ್ಜೆ ದೂರದಿಂದ ಒಂದರ ಹಿಂದೊಂದು ಚೆಂಡು ಹೊಡೆದು, ಹುಡುಗರು ಎಡಕ್ಕೂ ಬಲಕ್ಕೂ ಹಾರಿ ಮಣ್ಣಾಗುವುದನ್ನು ತೋರಿಸುತ್ತಾರೆ. ಅದರಲ್ಲಿ ಶ್ರಮವಿದೆ, ಆದರೆ ಪಂದ್ಯದಲ್ಲಿ ಕೀಪರ್ ಎದುರಿಸುವ ಪ್ರಶ್ನೆ ಒಂದೂ ಇಲ್ಲ. ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದಂದಿನಿಂದ ಕೀಪರ್ ಕಾಲಿನಲ್ಲೂ ಆಡಬೇಕಾಯಿತು. 2019ರಿಂದ ಗೋಲ್ ಕಿಕ್ಕನ್ನು ಪೆನಾಲ್ಟಿ ಪ್ರದೇಶದ ಒಳಗೇ ಸಹ ಆಟಗಾರ ಪಡೆಯಬಹುದಾಯಿತು. 2025ರಿಂದ ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್ ಸಿಗುತ್ತದೆ. ಈ ಮೂರೂ ಬದಲಾವಣೆಗಳು ಕೀಪರ್ ಬೇಗ ನೋಡಿ, ಬೇಗ ನಿರ್ಧರಿಸಬೇಕೆಂದು ಕೇಳುವುದರಿಂದ, ನಿಮಗೆ ಕೊಟ್ಟ ಒಂದು ಗಂಟೆಯಲ್ಲಿ ಹದಿನೈದು ನಿಮಿಷ ಮಾತ್ರ ಕೀಪರ್‌ಗಳನ್ನು ಪ್ರತ್ಯೇಕವಾಗಿಟ್ಟು, ಉಳಿದ ಸಮಯದಲ್ಲಿ ರಕ್ಷಣಾ ಆಟಗಾರರೊಂದಿಗೆ ಸೇರಿಸಿ ಆಡಿಸಿ ತೋರಿಸಿ.

ವಾಸ್ಕೊದ ಒಂದು ಪರೀಕ್ಷೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಹದಿಮೂರು ವರ್ಷದ ಕೀಪರ್ ಒಬ್ಬ ನೆಲಮಟ್ಟದ ಸುಲಭದ ಚೆಂಡನ್ನು ಬಿಟ್ಟ. ಮೊದಲ ಅಭ್ಯರ್ಥಿ ‘ಬೇಗ ಬೀಳು’ ಎಂದು ಹಿಂದಿಯಲ್ಲಿ ಕೂಗಿದರು. ಎರಡನೆಯವರ ಸರದಿಯಲ್ಲಿಯೂ ಹುಡುಗ ಅದೇ ತಪ್ಪು ಮಾಡಿದಾಗ, ಅವರು ಆಟ ನಿಲ್ಲಿಸಿ ಅವನ ಪಕ್ಕಕ್ಕೆ ಹೋಗಿ, ಚೆಂಡು ಹೊರಟಾಗ ನಿನಗೆ ಏನು ಕಂಡಿತು ಎಂದು ಕೇಳಿದರು. ‘ಕಾಣಲಿಲ್ರಿ ಸರ್, ಅಂವ ಅಡ್ಡ ನಿಂತಿದ್ನಲ್ರಿ’ ಎಂದು ಹುಡುಗ ಬಾಗಲಕೋಟೆಯ ಕನ್ನಡದಲ್ಲಿ ಹೇಳಿದ. ಅವನದೇ ತಂಡದ ರಕ್ಷಣಾ ಆಟಗಾರ ದೃಷ್ಟಿಗೆ ಅಡ್ಡವಾಗಿದ್ದ. ಕೈಯಲ್ಲಿ ದೋಷವಿರಲಿಲ್ಲ; ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದನ್ನೂ, ಅಡ್ಡ ಬಂದವನನ್ನು ಕೂಗಿ ಸರಿಸುವುದನ್ನೂ ಕಲಿಸಿದ ಮೇಲೆ ಚೆಂಡು ಕೈಗೆ ಸಿಕ್ಕಿತು. ಹುದ್ದೆ ಆ ಎರಡನೆಯವರಿಗೆ ಹೋಯಿತು. ಆದ್ದರಿಂದ ತಿದ್ದುವ ಮೊದಲು ಕೇಳುವುದನ್ನು ಅಭ್ಯಾಸ ಮಾಡಿ, ಉತ್ತರ ಬರುವವರೆಗೆ ಕಾಯಿರಿ.

ಚಿಕ್ಕವರ ಅಳತೆಯನ್ನೂ ಗಮನಿಸಿ. ಪೂರ್ಣ ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಐದಡಿಯ ಹುಡುಗನ ತಲೆಯ ಮೇಲಿಂದ ಹೋದ ಚೆಂಡಿಗೆ ಅವನನ್ನು ಬೈಯುವುದು ಅನ್ಯಾಯ. ಕೋನ್ ಅಥವಾ ಕಂಬ ಇಟ್ಟು ಗೋಲನ್ನು ಕಿರಿದು ಮಾಡಿ, ದೊಡ್ಡವರ ಚೆಂಡಿಗಿಂತ ಚಿಕ್ಕದಾದ ನಾಲ್ಕನೇ ಅಳತೆಯ ಚೆಂಡನ್ನು ಬಳಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಮಳೆಯಲ್ಲಿ ಚೆಂಡು ಸೋಪಿನಂತೆ ಜಾರುತ್ತದೆ. ಆಗ ಕೈಯೊಂದನ್ನೇ ನಂಬದೆ ಮೈಯನ್ನು ಚೆಂಡಿನ ಹಿಂದೆ ತರುವುದನ್ನು ಕಲಿಸುವ ಯೋಜನೆಯೊಂದನ್ನು ಬರೆದು ಅರ್ಜಿಯೊಂದಿಗೆ ಕೊಟ್ಟರೆ, ಈ ನೆಲವನ್ನು ಬಲ್ಲವರು ಎಂದು ಸಮಿತಿಗೆ ತಿಳಿಯುತ್ತದೆ. ಭಾರತ ತಂಡದ ನಾಯಕರಾಗಿದ್ದು, 1997ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಳಕರ ಅವರನ್ನು ಕೊಟ್ಟ ಗೋವಾದಲ್ಲಿ ಈ ಕೆಲಸವನ್ನು ಹಗುರವಾಗಿ ನೋಡುವವರು ಕಡಿಮೆ.

ಯುವ ವಿಭಾಗದ ಹುದ್ದೆಗೆ ಅರ್ಜಿ ಹಾಕುವವರಿಗೆ ಕನ್ನಡ ಬಲ್ಲದ್ದು ದೊಡ್ಡ ಬಲ, ಅದನ್ನು ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಿರಿ. ವಾಸ್ಕೊದ ಬೈನಾ ಮತ್ತು ಝುವಾರಿನಗರಗಳಿಂದ ಬರುವ ಅನೇಕ ಮಕ್ಕಳ ತಂದೆತಾಯಂದಿರು ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದವರು. ಆಟಗಾರನ ನೋಂದಣಿಗೆ ಜನನ ಪ್ರಮಾಣಪತ್ರ ಬೇಕೆಂದಾಗ ಅದು ಊರಿನಲ್ಲಿರುತ್ತದೆ ಅಥವಾ ಮಾಡಿಸಿಯೇ ಇರುವುದಿಲ್ಲ. ಇದ್ದರೂ ಶಾಲೆಯಲ್ಲಿ ಅಂದಾಜಿನಲ್ಲಿ ಬರೆಸಿದ ತಾರೀಖಿಗೂ ಅದರಲ್ಲಿರುವ ತಾರೀಖಿಗೂ ಹೊಂದುವುದಿಲ್ಲ. ವಯೋಮಿತಿಯ ಪಂದ್ಯಾವಳಿಗಳಲ್ಲಿ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆಯೂ ನಡೆಯುವುದರಿಂದ, ಕಾಗದವನ್ನು ತಿರುಚುವ ದಾರಿ ಮಗುವಿನ ಆಟವನ್ನೇ ಮುಗಿಸಬಹುದು ಎಂಬುದನ್ನು ತಾಯಿಯ ಭಾಷೆಯಲ್ಲಿ, ಅವರ ಮನೆಯಲ್ಲಿ ಕುಳಿತು ವಿವರಿಸಬಲ್ಲವರು ಕ್ಲಬ್ಬಿಗೆ ಬೇಕು. ಅದೇ ವಯೋಗುಂಪಿನಲ್ಲಿ ಜನವರಿಯಲ್ಲಿ ಹುಟ್ಟಿದ ಎತ್ತರದ ಹುಡುಗನೂ ಡಿಸೆಂಬರ್‌ನಲ್ಲಿ ಹುಟ್ಟಿದ ಚಿಕ್ಕವನೂ ಇರುತ್ತಾರೆ. ಚಿಕ್ಕವನನ್ನು ಒಂದೇ ಟ್ರಯಲ್‌ನಲ್ಲಿ ಕೈಬಿಡದೆ ವರ್ಷವಿಡೀ ಹೇಗೆ ಗಮನಿಸುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಕೊಂಕಣಿಯನ್ನೂ ಕಲಿಯಿರಿ, ಏಕೆಂದರೆ ಸಹೋದ್ಯೋಗಿಗಳು ಮಾತಾಡುವುದು ಅದರಲ್ಲಿಯೇ.

ಆಯ್ಕೆಯಾದ ಮೇಲೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವೇತನ, ಅವಧಿ, ವಿಮೆ ಇವುಗಳನ್ನು ಬರಹದಲ್ಲಿ ಪಡೆಯಿರಿ. ಅದರೊಂದಿಗೆ, ಪ್ರತಿ ವಾರ ಕೀಪರ್‌ಗಳು ಇಡೀ ತಂಡದೊಂದಿಗೆ ಎಷ್ಟು ನಿಮಿಷ ಅಭ್ಯಾಸ ಮಾಡುತ್ತಾರೆ ಮತ್ತು ಆ ಸಮಯದಲ್ಲಿ ಗೋಲ್‌ಕೀಪಿಂಗ್ ಕೋಚ್‌ಗೆ ಆಟ ನಿಲ್ಲಿಸಿ ಮಾತಾಡುವ ಅಧಿಕಾರವಿದೆಯೇ ಎಂದು ಮುಖ್ಯ ಕೋಚ್ ಅವರನ್ನು ನೇರವಾಗಿ ಕೇಳಿ.