ಅಟ್ಟದಲ್ಲಿ ಕೂತ ಅಡಿಕೆ

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಅಜ್ಜ ನೀರಿಗಾಗಿ ಗುಡ್ಡದ ಮುರಕಲ್ಲು ಅಡ್ಡಕ್ಕೆ ಕೊರೆಸಿ ಸುರಂಗ ತೆಗೆಸಿದ್ದರು. ಬೆರಳು ಗಾತ್ರದ ನೀರು, ಆದರೆ ಬೇಸಗೆಯಲ್ಲೂ ನಿಲ್ಲದು. ಆ ನೀರಲ್ಲೇ ತೋಟ ಎದ್ದಿತು. ಮನೆ ಮಾತ್ರ ಏಳಲಿಲ್ಲ. ಮಳೆಗಾಲದ ಅಕ್ಕಿಗೆ ಅಜ್ಜ ವ್ಯಾಪಾರಿಯಿಂದ ಮುಂಗಡ ತರುತ್ತಿದ್ದರು. ಅಡಿಕೆ ಒಣಗುವ ಮೊದಲೇ ಅದು ಅವನದ್ದು. ರೇಟು ಹೇಳುವವನೂ ಅವನೇ, ತೂಗುವವನೂ ಅವನೇ.

ಅಪ್ಪನ ಕಾಲಕ್ಕೆ ವಿಟ್ಲದ ಸಂಶೋಧನಾ ಕೇಂದ್ರದ ಮಂಗಳ ಅಡಿಕೆ ತಳಿ ಬಂತು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾಯಿತು, ಅಪ್ಪ ಸದಸ್ಯರಾದರು. ಊರವರು ಹೊಗಳುವುದು ಇವನ್ನೇ. ನನ್ನ ಲೆಕ್ಕದಲ್ಲಿ ಅಪ್ಪನ ದೊಡ್ಡ ಕೆಲಸ ಬೇರೆ. ಒಂದು ವರ್ಷ ಹಾಲು, ಬಾಳೆ, ಕಾಳುಮೆಣಸು ಮಾರಿಯೇ ಮನೆ ನಡೆಸಿದರು. ಫಸಲಿನ ಕಾಲುಭಾಗ ಸಿಪ್ಪೆ ಸಮೇತ ಅಟ್ಟದಲ್ಲಿ ಕೂತಿತು. ಅಮ್ಮ ಆ ವರ್ಷ ಒಂದು ಸೀರೆಯನ್ನೂ ಕೊಂಡಿಲ್ಲವಂತೆ! ಮರುವರ್ಷ ಅದೇ ಅಡಿಕೆ 'ಚೋಲ್' ಆಯಿತು. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸತಕ್ಕಿಂತ ರೇಟು ಜಾಸ್ತಿ ಅಲ್ವಾ? ಮುಂಗಡ ತರುವುದು ಅಲ್ಲಿಗೆ ನಿಂತಿತು.

ನಾನು ಕೈ ಸುಟ್ಟುಕೊಂಡದ್ದೂ ಇಲ್ಲೇ. ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆಗೆ, ಅಂಗಳದಲ್ಲಿ 40–45 ದಿನದ ಬಿಸಿಲು ಬೇಕು. ಆ ವರ್ಷ ಏಪ್ರಿಲ್‌ನಲ್ಲೇ ಮೋಡ ಕಟ್ಟಿತು. ಗಡಿಬಿಡಿಯಲ್ಲಿ 32ನೇ ದಿನಕ್ಕೇ ಗೋಣಿಗೆ ತುಂಬಿಸಿದೆ. ಅದೂ ಸಿಮೆಂಟು ನೆಲದ ಮೇಲೆ, ಕೆಳಗೆ ಹಲಗೆಯೂ ಇಲ್ಲದೆ. ಮಳೆಗಾಲದ ಆಟಿ ತಿಂಗಳಲ್ಲಿ ಬಿಚ್ಚಿ ನೋಡಿದರೆ ಮುಗ್ಗಲು ವಾಸನೆ. ಸುಲಿದರೆ ಒಳಗೆ ಬೂಷ್ಟು. ಅರ್ಧಕ್ಕರ್ಧ ಕಳಪೆ ದರ್ಜೆಯ ಕರಿಗೋಟಿನ ರೇಟಿಗೆ ಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುವರ್ಷ ಅಂಗಳಕ್ಕೆ ಪ್ಲಾಸ್ಟಿಕ್ ಸೂರು ಹಾಕಿಸಿದೆ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಕೊಳೆರೋಗದ ಮೊದಲ ಮದ್ದು ಬಿಟ್ಟು ಮುಗಿಸುತ್ತೇನೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮತ್ತೆ 40–45 ದಿನಕ್ಕೆ ಎರಡನೆಯದು. ಅಡಿಕೆ ಹಾಳೆಯ ತಟ್ಟೆ ಮಾಡುವ ಮೆಷಿನೂ ಇಟ್ಟಿದ್ದೇನೆ. ಅದರಲ್ಲಿ ಲಾಭ ಅಷ್ಟಕ್ಕಷ್ಟೇ. ಆದರೆ ತಿಂಗಳ ಖರ್ಚಿಗೆ ಕಾಸು ಬರುತ್ತದೆ, ಅಟ್ಟದ ಅಡಿಕೆಗೆ ಕೈ ಹಾಕಬೇಕಿಲ್ಲ.

ಅಪ್ಪನಿಗೀಗ ಎಂಬತ್ತರ ಹತ್ತಿರ. ಗೋಣಿ ತುಂಬಿಸುವ ದಿನ ಕೋಲೂರಿಕೊಂಡು ಅಂಗಳಕ್ಕೆ ಬರುತ್ತಾರೆ. ನಾಲ್ಕು ಅಡಿಕೆ ಹೆಕ್ಕಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಣಗಿದ್ದರೆ ಸಿಪ್ಪೆಯೊಳಗೆ ಗಲಗಲ ಅನ್ನಬೇಕು. ಈ ಸಲ ಮೂರು ಸದ್ದು ಮಾಡಿದವು, ಒಂದು ಮಾಡಲಿಲ್ಲ. "ಇನ್ನೂ ನಾಲ್ಕು ಬಿಸಿಲು ಬೇಕು ಮಾರಾಯ" ಅಂದರು. ಕಟ್ಟಿದ ಗೋಣಿ ಬಿಚ್ಚಿ ಮತ್ತೆ ಹರವಿದೆ.