ಸೈಕ್ ಕೇಸಲ್ಲಿ ಬೋರ್ಡ್ ಔಟ್ ಆಗಿ ಡಿಸಬಿಲಿಟಿ ಪೆನ್ಶನ್ ತಗೊಂಡಿದ್ದು: ನನ್ನ ಅನುಭವ

ಸೈಕ್ ಕೇಸಲ್ಲಿ, ಅಂದ್ರೆ ಮಾನಸಿಕ ಕಾಯಿಲೆ ಅಂತ ಮೆಡಿಕಲ್ ಬೋರ್ಡ್ ಮಾಡಿ ಸೇನೆಯಿಂದ ಹೊರಗೆ ಕಳ್ಸಿದ್ರೆ (ಬೋರ್ಡ್ ಔಟ್), ಪೆನ್ಶನ್ ಆಗಲ್ಲ ಅಂತ ಎಲ್ರೂ ಹೇಳಿದ್ರು. ನಮ್ಮೂರ ರಿಟೈರ್ಡ್ ಸುಬೇದಾರ್ ಸಾಹೇಬ್ರು ಹೇಳಿದ್ರು, ಬೆಂಗಳೂರಲ್ಲಿ ಇಬ್ರು ಮೂವರು ವಕೀಲ್ರು ಹೇಳಿದ್ರು, ನಮ್ ಭಾವ ಅಂತೂ ಮನೆ ತುಂಬ ನೆಂಟ್ರು ಇರೋವಾಗ್ಲೇ "ತಲೆ ಸರಿ ಇಲ್ಲ ಅಂತ ಕೋರ್ಟಲ್ಲಿ ಬರ್ಸ್ಕೊಳ್ಳೋಕೆ ದುಡ್ಡು ಬೇರೆ ಸುರೀತೀಯಾ" ಅಂದ್ರು. 2024ರಲ್ಲಿ ಪಿಪಿಒ (ಪೆನ್ಶನ್ ಮಂಜೂರಾತಿ ಆದೇಶ) ಬಂತು. ವಕೀಲರನ್ನ ಇಟ್ಕೊಳ್ದೆ ನಾನೇ ಅರ್ಜಿ ಹಾಕಿ ನಾನೇ ನಿಂತು ಮಾತಾಡಿ ತಗೊಂಡಿದ್ದು, ಅದಕ್ಕೇ ಇದನ್ನ ಬರೀತಾ ಇದೀನಿ, ಯಾಕಂದ್ರೆ ನನ್ ತರ ಸುಮ್ನೆ ಮನೇಲಿ ಕೂತಿರೋ ಹುಡುಗ್ರು ಹಾಸನ, ಕೊಡಗು, ಬೆಳಗಾವಿ ಕಡೆ ಬೇಕಾದಷ್ಟು ಜನ ಇದಾರೆ.

ಶೇಪ್ ಕ್ಯಾಟಗರಿ (ಸೇನೆಯ ಮೆಡಿಕಲ್ ಗ್ರೇಡು) ಏನು, ಐಎಂಬಿ (ಕಾಯಿಲೆ ಅಂತ ಹೊರಗೆ ಕಳ್ಸೋ ಬೋರ್ಡ್) ಏನು, ಫಸ್ಟ್ ಅಪೀಲ್ ಸೆಕೆಂಡ್ ಅಪೀಲ್ (ಪೆನ್ಶನ್ ಇಲ್ಲ ಅಂದಾಗ ಸೇನೆಗೇ ಹಾಕೋ ಮನವಿ) ಏನು ಅಂತೆಲ್ಲ ಬಿಡಿಸಿ ಹೇಳೋಕೆ ಹೋಗಲ್ಲ. ನಂದು 2005ರ ಭರ್ತಿ, ಇನ್‌ಫೆಂಟ್ರಿ, 2014ರಲ್ಲಿ ಎಸ್-5 (ಮಾನಸಿಕವಾಗಿ ಸರ್ವಿಸಿಗೆ ಅನರ್ಹ) ಹಾಕಿ ಬೋರ್ಡ್ ಔಟ್ ಮಾಡಿದ್ರು. ರಿಕರೆಂಟ್ ಡಿಪ್ರೆಸಿವ್ ಡಿಸಾರ್ಡರ್, ಎಫ್-33. ಡಿಸಬಿಲಿಟಿ ಶೇಕಡಾ 40, ಲೈಫ್ ಲಾಂಗ್. ಇಷ್ಟು ಬರೆದು ಪಕ್ಕದಲ್ಲೇ ಅಟ್ರಿಬ್ಯೂಟಬಲ್ (ಸರ್ವಿಸಿಂದ ಬಂದಿದ್ದು) ನೋ, ಅಗ್ರವೇಟೆಡ್ (ಸರ್ವಿಸಿಂದ ಜಾಸ್ತಿ ಆಗಿದ್ದು) ನೋ, ಪೆನ್ಶನ್‌ಗೆ ನೆಟ್ ಅಸೆಸ್‌ಮೆಂಟ್ ನಿಲ್. ಹಿಂಗೆ ಎರಡಕ್ಕೂ ನೋ ಅಂದ್ರೆ ನಾವು 'ನಾನಾ' ಅಂತೀವಿ. ಹತ್ತು ವರ್ಷ ಸರ್ವಿಸ್ ಆಗೋಕೆ ಸ್ವಲ್ಪ ತಿಂಗಳು ಕಮ್ಮಿ ಇತ್ತು, ಹಂಗಾಗಿ ಇನ್‌ವ್ಯಾಲಿಡ್ ಪೆನ್ಶನ್ನೂ ಇಲ್ಲ, ಗ್ರಾಚುಯಿಟಿ ಮತ್ತೆ ಎಜಿಐಎಫ್ (ಸೇನೆಯ ಗ್ರೂಪ್ ಇನ್ಶೂರೆನ್ಸ್) ದುಡ್ಡು ಕೊಟ್ಟು ಮನೆಗೆ ಕಳ್ಸಿದ್ರು.

ಪೆನ್ಶನ್ ಇಲ್ಲ ಅಂದ್ರೆ ಬರೀ ದುಡ್ಡಿಲ್ಲ ಅಂತ ಅಲ್ಲ, ಮಾಜಿ ಸೈನಿಕ ಅನ್ನೋ ಐಡಿ ಕಾರ್ಡೇ ಸಿಗಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಚಿಕಿತ್ಸಾ ಸೌಲಭ್ಯ) ಇಲ್ಲ, ಕ್ಯಾಂಟೀನ್ ಇಲ್ಲ, ಸರ್ಕಾರಿ ಕೆಲಸದ ಮಾಜಿ ಸೈನಿಕರ ಮೀಸಲಾತೀನೂ ಇಲ್ಲ. ಒಂಬತ್ತು ವರ್ಷದ ಮೇಲೆ ಸರ್ವಿಸ್ ಮಾಡಿ, ಅದ್ರಲ್ಲಿ ಎರಡು ವರ್ಷ ಕಾಶ್ಮೀರದ ಕುಪ್ವಾರಾ ಕಡೆ ರಾತ್ರಿಯೆಲ್ಲಾ ಆಂಬುಶ್ ಕೂತವನು ನಾನು, ಕಾಗದದ ಮೇಲೆ ಮಾಜಿ ಸೈನಿಕನೇ ಅಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ. ಪೀಣ್ಯದಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದಾಗ್ಲೂ ಏಜೆನ್ಸಿಯವ್ರು ಎಕ್ಸ್ ಸರ್ವಿಸ್‌ಮನ್ ರೇಟ್ ಕೊಡ್ಲಿಲ್ಲ, ಕಾರ್ಡ್ ತೋರ್ಸಿ ಅಂದ್ರು. ತಿಂಗಳಿಗೆ ನಾಕೈದು ಸಾವಿರ ಅಲ್ಲೇ ಹೋಯ್ತು.

ಫಸ್ಟ್ ಅಪೀಲ್ ರಿಜೆಕ್ಟ್ ಆಯ್ತು, ಸೆಕೆಂಡ್ ಅಪೀಲ್‌ಗೆ ಉತ್ರಾನೇ ಬರ್ಲಿಲ್ಲ. ಒಬ್ರು ವಕೀಲ್ರು 70 ಸಾವಿರ ಕೇಳಿದ್ರು, ಇನ್ನೊಬ್ರು ಅಡ್ವಾನ್ಸ್ ಕಮ್ಮಿ ಕೊಡಿ, ಅರಿಯರ್ಸಲ್ಲಿ ಪರ್ಸಂಟೇಜ್ ಕೊಡಿ ಅಂದ್ರು. ಅವ್ರ ಹತ್ರ ಫೈಲು ವರ್ಷಗಟ್ಲೆ ಕೊಳೀತು, ಹದಿನೈದು ಸಾವಿರಾನೂ ಹೋಯ್ತು. 2019ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿಂದ ನರಸಿಂಗ್ ಯಾದವ್ ತೀರ್ಪು ಬಂದಿದ್ದೇ ತಡ, ಫೈಲ್ ವಾಪಸ್ ಕೊಟ್ಬಿಟ್ರು. ಆ ಕೇಸು ಸ್ಕಿಜೋಫ್ರೇನಿಯಾದ್ದು. ಮಾನಸಿಕ ಕಾಯಿಲೆ ಭರ್ತಿ ಟೈಮಲ್ಲಿ ಡಾಕ್ಟರ್ ಕಣ್ಣಿಗೆ ಬೀಳದೆ ಇರಬಹುದು, ಹಾಗಾಗಿ ಸರ್ವಿಸಲ್ಲಿ ಕಾಣಿಸ್ಕೊಂಡ ಮಾತ್ರಕ್ಕೆ ಸರ್ವಿಸಿಂದಲೇ ಬಂತು ಅನ್ನೋಕಾಗಲ್ಲ ಅಂತ ಅದ್ರಲ್ಲಿ ಹೇಳಿದಾರೆ. ಧರಂವೀರ್ ಸಿಂಗ್ 2013, ರಾಜ್‌ಬೀರ್ ಸಿಂಗ್ 2015, ಸೈನಿಕರ ಪರ ಬಂದಿದ್ದ ಇವೆರಡು ತೀರ್ಪನ್ನೇ ನಂಬಿಕೊಂಡಿದ್ದವ್ರೆಲ್ಲ ಆ ಒಂದು ತೀರ್ಪಿಗೆ ಕೈ ಚೆಲ್ಲಿದ್ರು.

ಲಾಕ್‌ಡೌನಲ್ಲಿ ಊರಿಗೆ ಬಂದು ಕೂತಾಗ ಆ ಫೈಲನ್ನ ನಾನೇ ಓದೋಕೆ ಶುರು ಮಾಡ್ದೆ. ನಂದು ಪಿಯುಸಿ ಆರ್ಟ್ಸು, ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೂ ಮಿಲಿಟರಿ ಫಾರಂ ಇಂಗ್ಲಿಷ್ ನಮಗೆ ಅರ್ಥ ಆಗುತ್ತೆ. ಹಾಗೆ ಓದ್ತಾ ಓದ್ತಾ ನನಗೆ ಹೊಳೆದಿದ್ದು ಏನಂದ್ರೆ, ಎಲ್ರೂ ಕಾನೂನಿನ ಮೇಲೆ ಗುದ್ದಾಡ್ತಾ ಇದಾರೆ, ಕಾಯಿಲೆ ಯಾವತ್ತು ಶುರು ಆಯ್ತು ಅನ್ನೋ ತಾರೀಖನ್ನ ಯಾರೂ ಹಿಡ್ಕೊಂಡಿಲ್ಲ.

ನನ್ ಎಎಫ್‌ಎಂಎಸ್‌ಎಫ್-16 (ಮೆಡಿಕಲ್ ಬೋರ್ಡ್ ತುಂಬೋ ಫಾರಂ) ತೆಗೆದು ನೋಡಿ. ಕಾರಣ ಬರೆಯೋ ಜಾಗದಲ್ಲಿ ಇರೋದು ಒಂದೇ ಸಾಲು, ಕಾಯಿಲೆ ಶುರುವಾಗಿದ್ದು ಪೀಸ್ ಸ್ಟೇಷನ್ನಲ್ಲಿ (ಕಾರ್ಯಾಚರಣೆ ಇಲ್ಲದ ಜಾಗ), ಆದ್ದರಿಂದ ನಾನಾ. ಅಷ್ಟೇ. ಯೂನಿಟ್ ಕಾಶ್ಮೀರದಿಂದ ಪೀಸ್‌ಗೆ ಬಂದು ಒಂದೆರಡು ತಿಂಗಳಿಗೆ ನಾನು ಆಸ್ಪತ್ರೆ ಸೇರಿದ್ದು, ಹಂಗಾಗಿ ಅಡ್ಮಿಟ್ ಆದ ದಿನಾನೇ ಕಾಯಿಲೆ ಶುರು ಆದ ದಿನ ಅಂತ ಹಾಕಿದಾರೆ. ಈಗ ಅದೇ ಸೆಟ್ಟಲ್ಲಿರೋ ಎಎಫ್‌ಎಂಎಸ್‌ಎಫ್-10 ನೋಡಿ, ಸೈಕ್ ವಾರ್ಡಿಗೆ ಕಳ್ಸೋ ಮುಂಚೆ ಸಿಒ (ಯೂನಿಟ್ಟಿನ ಕಮಾಂಡಿಂಗ್ ಆಫೀಸರ್) ಕೊಡೋ ರಿಪೋರ್ಟು. ನೀಲಿ ಬಾಲ್ ಪೆನ್ನಲ್ಲಿ ಕೈಯಲ್ಲೇ ಬರೆದಿರೋದು, ಜೆರಾಕ್ಸಲ್ಲಿ ಅರ್ಧ ಅಳಿಸಿ ಹೋಗಿದೆ. ಈ ಜವಾನ ಮೊದ್ಲು ಚುರುಕಾಗಿದ್ದ, ಕಂಪನಿಯ ವಾಲಿಬಾಲ್ ಟೀಮಲ್ಲಿದ್ದ, ಸುಮಾರು ಏಳೆಂಟು ತಿಂಗಳಿಂದ ಯಾರ ಜೊತೇನೂ ಮಾತಿಲ್ಲ, ನಿದ್ದೆ ಇಲ್ಲ, ಊಟ ಬಿಡ್ತಾನೆ. ಕೆಳಗೆ ಸಹಿ, ತಾರೀಖು. ಆ ತಾರೀಖಿಂದ ಏಳೆಂಟು ತಿಂಗಳು ಹಿಂದಕ್ಕೆ ಎಣಿಸಿದ್ರೆ ನಾನು ಎಲ್ಲಿದ್ದೆ? ಕುಪ್ವಾರಾದಲ್ಲಿ, ಸಿಐ ಆಪ್ಸಲ್ಲಿ (ಉಗ್ರರ ವಿರುದ್ಧದ ಕಾರ್ಯಾಚರಣೆ). ನನ್ನನ್ನ ವಾರ್ಡಿಗೆ ಕಳಿಸೋಕೆ ಬರೆದ ಕಾಗದಾನೇ ನನ್ ಸಾಕ್ಷಿ ಆಯ್ತು, ಅದೂ ಅವ್ರದೇ ಸಿಒ ಸಹಿ ಇರೋ ಸಾಕ್ಷಿ.

ಇದಕ್ಕೆ ಜೋಡಿಸಬೇಕಾಗಿದ್ದು ಗೈಡ್ ಟು ಮೆಡಿಕಲ್ ಆಫೀಸರ್ಸ್, ಪ್ಯಾರಾ 54. ಕಾಂಬ್ಯಾಟ್ ಏರಿಯಾ, ಸಿಐ ಆಪ್ಸ್, ಹೈ ಆಲ್ಟಿಟ್ಯೂಡ್, ತೀರಾ ಒಂಟಿ ಪೋಸ್ಟ್, ಇಂಥ ಕಡೆ ಸರ್ವಿಸಲ್ಲಿ ಇರೋವಾಗ ಮಾನಸಿಕ ಕಾಯಿಲೆ ಶುರುವಾದ್ರೆ ಅಟ್ರಿಬ್ಯೂಟಬಲ್ ಅಂತ ಒಪ್ಕೋಬೇಕು ಅಂತ ಅವ್ರದೇ ಪುಸ್ತಕದಲ್ಲಿದೆ. ಇನ್ನೂ ಇದೆ. ಒಬ್ಬನೇ ಮಗನಾಗಿದ್ದು ಅಪ್ಪ ಅಮ್ಮ ತೀರ್ಕೊಂಡಾಗ, ಇಲ್ಲಾ ಹೆಂಡ್ತಿ ಮಕ್ಳು ತೀರ್ಕೊಂಡಾಗ ಡ್ಯೂಟಿ ಅಂತ ರಜೆ ಕೊಡದೇ ಇದ್ದು, ಅದಾಗಿ ಮೂರು ತಿಂಗಳೊಳಗೆ ಕಾಯಿಲೆ ಬಂದ್ರೆ ಅಗ್ರವೇಶನ್ ನೋಡ್ಬೇಕು ಅಂತಾನೂ ಇದೆ. ಈ ರಜೆ ಪಾಯಿಂಟ್ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅಪ್ಪನ ಮಣ್ಣಿಗೂ ಹೋಗಕ್ಕಾಗದೆ ಒಳಗೊಳಗೇ ಕುಸಿದುಹೋದ ಹುಡುಗ್ರನ್ನ ನಾನೇ ಕಣ್ಣಾರೆ ನೋಡಿದೀನಿ. ನಿಮ್ ಕೇಸಲ್ಲಿ ಅಂಥದ್ದೇನಾದ್ರೂ ಇದ್ರೆ ರಜೆ ಅರ್ಜಿ, ಟೆಲಿಗ್ರಾಂ, ಡೆತ್ ಸರ್ಟಿಫಿಕೇಟ್ ತಾರೀಖು ಎಲ್ಲ ಇವತ್ತೇ ಹುಡುಕಿ.

ಕುಪ್ವಾರಾದಲ್ಲಿ ಇದ್ದೆ ಅಂತ ಪ್ರೂವ್ ಮಾಡೋದು ಸುಲಭ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಾಕಿ ಆರ್‌ಟಿಐ ಕೊಟ್ಟೆ, ಎಂಐ ರೂಮ್ (ಯೂನಿಟ್ಟಿನ ದವಾಖಾನೆ) ರಿಜಿಸ್ಟರ್ ನಾಶ ಮಾಡಲಾಗಿದೆ ಅಂತ ಉತ್ರ. ಯೂನಿಟ್ ಲೊಕೇಶನ್ ಕೇಳಿದ್ರೆ ಗೌಪ್ಯ. ಆಮೇಲೆ ಹೊಳೀತು ಪೇ ಸ್ಲಿಪ್. ಸಿಐ ಅಲೋಯನ್ಸ್ ಯಾವ ತಿಂಗಳು ಬಂದಿದೆ, ಯಾವ ತಿಂಗಳು ನಿಂತಿದೆ ಅಂತ ಅದ್ರಲ್ಲೇ ಕಾಣುತ್ತಲ್ಲ. ಟ್ರಂಕ್ ತಳದಲ್ಲಿ ಹಳೇ ಸ್ಲಿಪ್ ಒಂದಷ್ಟು ನಮ್ಮವ್ವ ಎತ್ತಿಟ್ಟಿದ್ರು, ಇಲ್ಲದೇ ಇರೋ ತಿಂಗಳಿಗೆ ಪಾರ್ಟ್ 2 ಆರ್ಡರ್ (ಸರ್ವಿಸ್ ವಿವರ ದಾಖಲಿಸೋ ಆದೇಶ) ಕಾಪಿ ತರಿಸ್ದೆ. ಆ ರಿಜಿಸ್ಟರ್ ನಾಶ ಆಯ್ತು ಅನ್ನೋ ಪತ್ರಾನೂ ಬಿಸಾಕ್ಲಿಲ್ಲ, ಅದನ್ನೂ ಅನೆಕ್ಸರ್ ಮಾಡ್ದೆ, ದಾಖಲೆ ಅವ್ರ ಕೈಯಲ್ಲೇ ಹೋಗಿದೆ ಅಂದ್ಮೇಲೆ ಡೌಟಿನ ಲಾಭ ನನಗೇ ಬರ್ಬೇಕು ಅಂತ. ನನ್ ಪಕ್ಕದ ಬಂಕರಲ್ಲಿದ್ದ ಒಬ್ರ ಅಫಿಡವಿಟ್ಟೂ ಇತ್ತು. ಅದನ್ನ ಹೆಂಗೆ ತಗೊಂಡೆ ಅಂತ ಇಲ್ಲಿ ಬರ್ಯಲ್ಲ, ಬೇರೆಯವ್ರ ನೌಕರಿ ವಿಷ್ಯ. ರಿಜಾಯಿಂಡರಲ್ಲಿ (ಸರ್ಕಾರದ ಉತ್ರಕ್ಕೆ ನಾನು ಬರೆದ ಉತ್ರ) ನರಸಿಂಗ್ ಯಾದವ್‌ನ ಹೆಂಗೆ ಪಕ್ಕಕ್ಕೆ ಸರಿಸಿದೆ ಅನ್ನೋ ಆ ಎರಡು ಪ್ಯಾರಾನೂ ಇಲ್ಲಿ ಹಾಕಲ್ಲ, ಎದುರು ಬದುರು ಕೂತು ಪೇಪರ್ ನೋಡಿದ್ರೆ ಮಾತ್ರ ಹೇಳ್ತೀನಿ, ಕೇಸ್ ಬೇರೆ ಇದ್ದು ನನ್ ಪ್ಯಾರಾ ಕಾಪಿ ಹೊಡೆದ್ರೆ ನಿಮ್ ಕೇಸೇ ಬಿದ್ದುಹೋಗುತ್ತೆ.

ಮಧ್ಯೆ ಬೇರೆ ಬೇರೆ ದಾರೀನೂ ನೋಡ್ದೆ. ರಿವ್ಯೂ ಮೆಡಿಕಲ್ ಬೋರ್ಡ್ ಕೇಳಿದೆ, ಕೊಡ್ಲಿಲ್ಲ. ಆನ್‌ಲೈನಲ್ಲಿ ದೂರು ಹಾಕ್ದೆ, ನಾಕು ಸಾಲಿನ ಉತ್ರ ಕೊಟ್ಟು ಕ್ಲೋಸ್ ಮಾಡಿದ್ರು. ನಿಮ್ಹಾನ್ಸಿಗೆ ಹೋಗಿ ತೋರಿಸ್ಕೊಂಡು ಡಾಕ್ಟರ್ ಹತ್ರ ಬರೆಸ್ಕೊಂಡೆ, ಕೇಸಿಗೆ ಅದು ಅಷ್ಟು ಉಪಯೋಗ ಆಗ್ಲಿಲ್ಲ ಯಾಕಂದ್ರೆ ಸೈನಿಕರ ಕೇಸು ನಡೆಸೋ ಟ್ರಿಬ್ಯೂನಲ್ (ಎಎಫ್‌ಟಿ) ನೋಡೋದು ಡಿಸ್ಚಾರ್ಜ್ ಟೈಮಿನ ಬೋರ್ಡನ್ನ, ಆದ್ರೆ ಅಲ್ಲಿ ಕೊಟ್ಟ ಮಾತ್ರೆಯಿಂದ ನನಗೆ ನಿದ್ದೆ ಬಂತು, ಅದಕ್ಕಿಂತ ದೊಡ್ಡ ಉಪಕಾರ ಬೇಕಾ. ಕೇಸ್ ನಡೆಸೋ ಟೈಮಲ್ಲಿ ಹಳೇದೆಲ್ಲ ಕೆದಕಬೇಕಾಗುತ್ತೆ, ರಾತ್ರಿ ತಡ್ಕೊಳ್ಳೋಕಾಗಲ್ಲ. ಯಾರೂ ಮಾತ್ರೆ ಬಿಡ್ಬೇಡಿ, ತೀರಾ ಕಷ್ಟ ಆದ್ರೆ 14416 ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

2021ರಲ್ಲಿ ಎಎಫ್‌ಟಿಗೆ ಒಎ (ಮೂಲ ಅರ್ಜಿ) ಹಾಕ್ದೆ, ಜೊತೆಗೆ ತಡ ಆಗಿದ್ದನ್ನ ಮನ್ನಿಸಿ ಅಂತ ಎಂಎ (ಇನ್ನೊಂದು ಅರ್ಜಿ). ಪಾರ್ಟಿ ಇನ್ ಪರ್ಸನ್ ಆಗಿ (ವಕೀಲರಿಲ್ಲದೆ ತಾನೇ) ನಿಲ್ಲೋಕೆ ಎಎಫ್‌ಟಿ ಕಾಯ್ದೇಲೇ ಅವಕಾಶ ಇದೆ, ಹೆದರ್ಬೇಡಿ. ಅರಸೀಕೆರೆ ಡಿಟಿಪಿ ಅಂಗಡಿ ಹುಡುಗ ಟೈಪ್ ಮಾಡಿಕೊಟ್ಟ, ಇಂಡೆಕ್ಸ್, ಪೇಜ್ ನಂಬರ್ ತಪ್ಪಿದ್ರೆ ಆಬ್ಜೆಕ್ಷನ್ ಬೀಳುತ್ತೆ, ನಂದೂ ಬಿತ್ತು, ಸರಿ ಮಾಡಿ ಕೊಟ್ಟೆ. ಟೈಪಿಂಗ್, ಜೆರಾಕ್ಸ್, ರೈಲು, ಲಾಡ್ಜು, ಎಲ್ಲ ಸೇರಿ ಮೂವತ್ತೈದು ಸಾವಿರ ದಾಟಿರಲ್ಲ, ಮೊದ್ಲು ವಕೀಲರಿಗೆ ಹೋಗಿದ್ದನ್ನ ಬಿಟ್ಟು.

ಬೆಂಚಲ್ಲಿ ಇಬ್ರು ಇರ್ತಾರೆ, ಒಬ್ರು ಜಡ್ಜ್, ಒಬ್ರು ರಿಟೈರ್ಡ್ ದೊಡ್ಡ ಆಫೀಸರ್. ಸರ್ಕಾರದ ಕಡೆಯವ್ರು ಪೀಸ್ ಸ್ಟೇಷನ್, ನರಸಿಂಗ್ ಯಾದವ್, ಇವೆರಡೇ ಹೇಳಿದ್ರು. ನನ್ ಸರದಿ ಬಂದಾಗ ಹಿಂದಿ ಇಂಗ್ಲಿಷ್ ಕಲಸಿ ಮಾತಾಡ್ದೆ, ಹತ್ತು ನಿಮಿಷಾನೂ ಆಗಿಲ್ಲ. ಫಾರಂ 10ರ ಪೇಜ್ ನಂಬರ್, ಪೇ ಸ್ಲಿಪ್‌ನ ಪೇಜ್ ನಂಬರ್, ಪ್ಯಾರಾ 54ರ ಪೇಜ್ ನಂಬರ್, ಮೂರೇ. ಆ ಆಫೀಸರ್ ಸಾಹೇಬ್ರು ಪುಟ ತಿರುವಿ ಸಿಒ ಬರೆದಿದ್ದನ್ನ ಇನ್ನೊಂದ್ಸಲ ಓದಿದ್ರು, ಸಿಐ ಏರಿಯಾದಲ್ಲಿ ಎಷ್ಟು ದಿನ ಇದ್ದೆ ಅಂತ ಕೇಳಿದ್ರು. ಆಗ್ಲೇ ನನಗೆ ಧೈರ್ಯ ಬಂತು. ಆರ್ಡರಲ್ಲಿ ಬೋರ್ಡ್ ಸರಿಯಾದ ಕಾರಣ ಕೊಟ್ಟಿಲ್ಲ, ಕಾಯಿಲೆ ಸರ್ವಿಸಿನಿಂದಲೇ ಆಗಿದೆ ಅಂತ ಒಪ್ಪಿ ಪೆನ್ಶನ್ನಿನ ಎರಡು ಪಾಲು, ಸರ್ವಿಸ್ ಎಲಿಮೆಂಟು, ಡಿಸಬಿಲಿಟಿ ಎಲಿಮೆಂಟು ಎರಡೂ ಕೊಡಿ ಅಂದ್ರು, ರಾಮ್ ಅವತಾರ್ ತೀರ್ಪಿನ ಪ್ರಕಾರ 40ನ್ನ 50ಕ್ಕೆ ರೌಂಡ್ ಆಫ್ ಮಾಡಿದ್ರು.

ದುಡ್ಡಿನ ವಿಷ್ಯಕ್ಕೆ ಬರೋಣ. ತಿಂಗಳಿಗೆ ಡಿಆರ್ (ತುಟ್ಟಿ ಪರಿಹಾರ) ಸೇರಿ 27 ಸಾವಿರದ ಹತ್ರ ಬರ್ತಿದೆ. ಅರಿಯರ್ಸ್ ಸುಮಾರು 14 ಲಕ್ಷ ಬಂತು, ಆಗ ಕೊಟ್ಟಿದ್ದ ಗ್ರಾಚುಯಿಟಿ ಹಿಡ್ಕೊಂಡು. ಆದ್ರೆ 2014ರಿಂದ ಕೊಡ್ಲಿಲ್ಲ. ತರ್ಸೇಮ್ ಸಿಂಗ್ ಅಂತ 2008ರ ತೀರ್ಪಿದೆ, ಅದರ ಪ್ರಕಾರ ಒಎ ಹಾಕಿದ ದಿನದಿಂದ ಮೂರು ವರ್ಷ ಹಿಂದಕ್ಕೆ ಮಾತ್ರ. ನಾಕು ವರ್ಷದ ದುಡ್ಡು ಹೋಗೇಬಿಡ್ತು, ಕಾಯಿರಿ ಕಾಯಿರಿ ಅಂದವ್ರ ಮಾತಿಗೆ ತೆತ್ತ ಬೆಲೆ ಅದು. ಅದಕ್ಕೇ ಹೇಳೋದು, ಗೆಲ್ತೀವೋ ಸೋಲ್ತೀವೋ ಆಮೇಲೆ, ಮೊದ್ಲು ಒಎ ಹಾಕಿ. ಇನ್ನೊಂದು, ಬೋರ್ಡ್ ಔಟ್ ಆದವ್ರ ಡಿಸಬಿಲಿಟಿ ಪೆನ್ಶನ್‌ಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಟಿಡಿಎಸ್ ಹಿಡಿದ್ರೆ ಬಿಡ್ಬೇಡಿ.

ಆರ್ಡರ್ ಬಂದ ತಕ್ಷಣ ದುಡ್ಡು ಬರಲ್ಲ. ಕೊಟ್ಟ ಟೈಮ್ ಮುಗಿದ್ರೂ ಸದ್ದಿಲ್ಲ, 2023ರ ಮಾರ್ಚಲ್ಲಿ ಎಎಫ್‌ಟಿ ಆರ್ಡರ್ ಮೇಲೆ ಹೈಕೋರ್ಟಿಗೆ ರಿಟ್ ಹೋಗಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ನನ್ನ ಕೇಸನ್ನೂ ಎಲ್ಲಿ ಎಳೀತಾರೋ ಅಂತ ಭಯ. ಎಕ್ಸಿಕ್ಯೂಷನ್ ಅರ್ಜಿ (ಆರ್ಡರ್ ಜಾರಿ ಮಾಡ್ಸಿ ಅಂತ) ಹಾಕಿದ್ಮೇಲೇನೇ ಫೈಲ್ ಅಲ್ಲಾಡಿದ್ದು. ಸ್ಪರ್ಶ್‌ನಲ್ಲಿ (ಸೇನೆಯವ್ರ ಪೆನ್ಶನ್ ಪೋರ್ಟಲ್) ಪಿಪಿಒ ಕಂಡ ದಿನ ನಮ್ಮವ್ವನಿಗೆ ಮೊಬೈಲ್ ತೋರ್ಸಿದ್ರೆ "ಇದ್ರಲ್ಲಿ ಏನಂತ ಬರೆದೈತಪ್ಪ" ಅಂದ್ರು, ಪೆನ್ಶನರ್ ಅಂತ ಓದಿ ಹೇಳ್ದೆ. ವಾರ ಬಿಟ್ಟು ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ ಮಾಜಿ ಸೈನಿಕರ ಕಾರ್ಡಿಗೆ ಅರ್ಜಿ ಕೊಟ್ಟೆ.

ಈಗ ನಮ್ ಬೆಟಾಲಿಯನ್‌ನವ್ರೇ ಒಬ್ರು, ಚನ್ನರಾಯಪಟ್ಟಣ ಕಡೆಯವ್ರು, ಸ್ಕಿಜೋಫ್ರೇನಿಯಾ ಕೇಸು. ಅವ್ರಿಗೆ ಒಂದು ಅನುಕೂಲ ಇದೆ, 2025ರ ಮೇನಲ್ಲಿ ರಾಜುಮೋನ್ ಕೇಸಲ್ಲಿ ಸುಪ್ರೀಂ ಕೋರ್ಟು ಸ್ಕಿಜೋಫ್ರೇನಿಯಾ ಇದ್ದವ್ರಿಗೇ ಪೆನ್ಶನ್ ಕೊಡ್ಸಿದೆ, ಬೋರ್ಡ್ ಕಾರಣ ಬರೆಯದೆ ಇದ್ರೆ ಆ ಅಭಿಪ್ರಾಯ ನಿಲ್ಲಲ್ಲ ಅಂತ. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಹೊರಗೆ ಬಂದವ್ರಿಗೆ ಮಾತ್ರ ಹೊಸ ಎಂಟೈಟಲ್‌ಮೆಂಟ್ ರೂಲ್ಸು (ಪೆನ್ಶನ್ ಯಾರಿಗೆ ಅಂತ ಹೇಳೋ ನಿಯಮ), ಅಂಥವ್ರು ನನ್ ಲೆಕ್ಕ ಹಿಡೀಬೇಡಿ. ಚನ್ನರಾಯಪಟ್ಟಣದವ್ರದ್ದು ಹಳೇ ರೂಲ್ಸೇ, ಆದ್ರೆ ಫಾರಂ 10 ಸೆಟ್ಟಲ್ಲಿ ಇಲ್ಲ. 25 ವರ್ಷ ಆದ್ಮೇಲೆ ದಾಖಲೆ ನಾಶ ಮಾಡ್ತಾರೆ, ಇವ್ರಿಗೆ ಇನ್ನೊಂದೆರಡು ವರ್ಷ ಬಾಕಿ ಇದೆ, ಹೋದ ವಾರ ಆರ್‌ಟಿಐ ಹಾಕಿಸಿದೀನಿ.