ಆತ್ಮರಕ್ಷಣೆಯ ಗುಂಡೇಟು: ಪೊಲೀಸ್ ತನಿಖೆಯನ್ನು ಒರೆಗೆ ಹಚ್ಚುವುದು ಹೇಗೆ

2012ರ ಫೆಬ್ರವರಿ 26ರಂದು ಫ್ಲೋರಿಡಾದ ಸ್ಯಾನ್‌ಫರ್ಡ್‌ನಲ್ಲಿ 17 ವರ್ಷದ ಕಪ್ಪುವರ್ಣೀಯ ಹುಡುಗ ಟ್ರೇವಾನ್ ಮಾರ್ಟಿನ್ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಬಡಾವಣೆಯ ಕಾವಲು ಸ್ವಯಂಸೇವಕ ಜಾರ್ಜ್ ಜಿಮ್ಮರ್‌ಮನ್; ಆತ್ಮರಕ್ಷಣೆಗೆ ಹಾರಿಸಿದೆ ಎಂದ. ಅವನ ಮೇಲೆ ಆರೋಪ ಹೊರಿಸಿದ್ದು ಏಪ್ರಿಲ್ 11ಕ್ಕೆ. ಅಷ್ಟು ದಿನವೂ ಬೀದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಬಂಧಿಸಲಿಲ್ಲ ಯಾಕೆ? ಸಿಟ್ಟು ನ್ಯಾಯವಾದದ್ದೇ. ಆದರೆ ಪೊಲೀಸರನ್ನು ಅಳೆಯಲು ಆ ಪ್ರಶ್ನೆಯೊಂದೇ ಸಾಲದು.

ಮೊದಲು ಕಾನೂನನ್ನೇ ತೆರೆದು ಓದಿ. ಫ್ಲೋರಿಡಾದ 776.032ನೇ ಕಲಮು 2005ರದು. ಬಲಪ್ರಯೋಗ ಕಾನೂನುಬಾಹಿರ ಎನ್ನಲು ಸಕಾರಣ ಸಿಗುವವರೆಗೆ ಬಂಧಿಸುವಂತಿಲ್ಲ ಎನ್ನುತ್ತದೆ ಅದು. ಅಂದಿನ ಪೊಲೀಸ್ ಮುಖ್ಯಸ್ಥರು ಹಿಡಿದದ್ದು ಈ ಮಾತನ್ನೇ. ಅದೇ ಉಪಕಲಮಿನಲ್ಲಿ ಇನ್ನೊಂದು ಮಾತಿದೆ: ಎಂದಿನ ಕ್ರಮದಲ್ಲಿ ತನಿಖೆ ನಡೆಸಬಹುದು. ಕಾನೂನು ಕಟ್ಟಿಹಾಕಿದ್ದು ಬಂಧನವನ್ನು, ತನಿಖೆಯನ್ನಲ್ಲ. ಹಾಗಾಗಿ ನೋಡಬೇಕಾದ್ದು ಮೊದಲ ಕೆಲವು ದಿನಗಳ ಕೆಲಸವನ್ನು.

ಕರೆಗಳ ಸಮಯ ಬರೆದುಕೊಳ್ಳಿ. ಜಿಮ್ಮರ್‌ಮನ್ ಪೊಲೀಸರಿಗೆ ಫೋನ್ ಮಾಡಿದ್ದು ಸಂಜೆ 7:09ಕ್ಕೆ. ತುರ್ತು ಸೇವೆಯ 911ಕ್ಕೆ ನೆರೆಯವರು ಮಾಡಿದ ಕರೆಯಲ್ಲಿ ಗುಂಡಿನ ಸದ್ದು ಕೇಳುವುದು 7:16ರ ಹೊತ್ತಿಗೆ. ನಡುವಿನ ಏಳು ನಿಮಿಷಗಳಲ್ಲೇ ಇಡೀ ಪ್ರಕರಣ ಇದೆ. ಧ್ವನಿಮುದ್ರಣವನ್ನು ಪೂರ್ತಿ ಕೇಳಿ, ಟಿವಿ ತುಣುಕನ್ನು ನಂಬಬೇಡಿ. ಹುಡುಗನ ಬಣ್ಣ ಯಾವುದೆಂದು ಸಿಬ್ಬಂದಿ ಕೇಳಿದ ಪ್ರಶ್ನೆಯನ್ನೇ ಒಂದು ಚಾನೆಲ್ ಕತ್ತರಿಸಿತ್ತು. ಉತ್ತರವನ್ನು ಜಿಮ್ಮರ್‌ಮನ್ ತಾನಾಗಿಯೇ ಹೇಳಿದಂತೆ ಕೇಳಿಸಿತು.

ಆಮೇಲೆ ಸಾಕ್ಷ್ಯ. ಇಬ್ಬರ ರಕ್ತವನ್ನೂ ಪರೀಕ್ಷಿಸಿದರೇ? ಈ ಪ್ರಕರಣದಲ್ಲಿ ಮದ್ಯ, ಮಾದಕವಸ್ತುಗಳ ಪರೀಕ್ಷೆ ಆದದ್ದು ಸತ್ತವನಿಗೆ ಮಾತ್ರ. ಬಟ್ಟೆ ಹೇಗೆ ಇಟ್ಟರು? ಅಂದು ಮಳೆ. ಒದ್ದೆ ಬಟ್ಟೆಯನ್ನು ಒಣಗಿಸಿ ಕಾಗದದ ಚೀಲದಲ್ಲಿಡಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಮಾರ್ಟಿನ್‌ನ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಬಂದಿತ್ತೆಂದು ಪ್ರಯೋಗಾಲಯದ ತಜ್ಞರೇ ನ್ಯಾಯಾಲಯದಲ್ಲಿ ಹೇಳಿದರು. ಫೋನ್ ದಾಖಲೆ ಯಾವಾಗ ತೆಗೆಸಿದರು? ಹುಡುಗ ಕೊನೆಯವರೆಗೂ ಗೆಳತಿಯೊಬ್ಬಳ ಜೊತೆ ಮಾತಾಡುತ್ತಿದ್ದ ಎಂಬುದನ್ನು ಹೊರತಂದದ್ದು ಕುಟುಂಬದ ವಕೀಲರು.

ಕಡತ ಯಾರ ಮೇಜಿನ ಮೇಲಿತ್ತು ಎಂಬುದನ್ನೂ ಪತ್ತೆಮಾಡಿ. ಸ್ಯಾನ್‌ಫರ್ಡ್‌ನ ತನಿಖಾಧಿಕಾರಿ ಮಾರ್ಚ್ 13ರಂದೇ ನರಹತ್ಯೆಯ ಆರೋಪ ಹೊರಿಸುವಂತೆ ಸರ್ಕಾರಿ ವಕೀಲರನ್ನು ಲಿಖಿತವಾಗಿ ಕೇಳಿದ್ದರು. ಅಲ್ಲಿಂದಾಚೆಗಿನ ವಿಳಂಬವನ್ನೂ ಠಾಣೆಯ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ಇಂಥ ಕಾಗದಗಳನ್ನು ಫ್ಲೋರಿಡಾ ಕಾನೂನಿನ 119ನೇ ಅಧ್ಯಾಯದಡಿ (ಸಾರ್ವಜನಿಕ ದಾಖಲೆಗಳ ಕಾನೂನು) ಯಾರು ಬೇಕಾದರೂ ಕೇಳಬಹುದು, ಕಾರಣ ಕೊಡಬೇಕಿಲ್ಲ. ತನಿಖೆ ನಡೆಯುತ್ತಿರುವಾಗ ಹೆಚ್ಚಿನದನ್ನು ತಡೆಹಿಡಿಯುತ್ತಾರೆ. ಆಗಲೂ ಘಟನೆಯ ದಿನಾಂಕ, ಸಮಯ, ಸ್ಥಳ, ಸ್ವರೂಪದಂಥ ವಿವರಗಳನ್ನು ಮುಚ್ಚಿಡುವಂತಿಲ್ಲ.

ನಮ್ಮೂರಿನ ಅಳತೆಗೋಲನ್ನು ಅಲ್ಲಿಗೆ ಒಯ್ಯಬೇಡಿ. ಇಲ್ಲಿ ಖಾಸಗಿ ರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಅದನ್ನು ಸಾಬೀತುಪಡಿಸುವ ಹೊಣೆ ಆರೋಪಿಯದು. ಅಲ್ಲಿ 2017ರಿಂದ, ವಿಚಾರಣೆಗೆ ಮುಂಚಿನ ಹಂತದಲ್ಲೇ ಆ ವಾದವನ್ನು ಒಡೆಯುವ ಹೊಣೆ ಸರ್ಕಾರಿ ವಕೀಲರ ಮೇಲಿದೆ.

ತೀರ್ಪನ್ನು ತನಿಖೆಯ ಅಂಕಪಟ್ಟಿಯಂತೆ ಓದಬೇಡಿ. 2013ರ ಜುಲೈ 13ರಂದು ಜಿಮ್ಮರ್‌ಮನ್ ನಿರ್ದೋಷಿ ಎಂದಾಯಿತು. ಜ್ಯೂರಿ ತೂಗಿದ್ದು ಸಂಶಯಾತೀತವಾಗಿ ಅಪರಾಧ ಸಾಬೀತಾಯಿತೇ ಎಂಬುದನ್ನು. ಬಟ್ಟೆ ಯಾವ ಚೀಲದಲ್ಲಿತ್ತು ಎಂಬುದಕ್ಕೆ ಠಾಣೆಯೇ ಉತ್ತರಿಸಬೇಕು.